ಕುಲುಮೆ, ಗೇರು ಮತ್ತು ನಾಲ್ಕು ಗಂಟೆ ನಿದ್ದೆ

1891ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದಲ್ಲಿರುವ ಗ್ಯಾಂಗಾಂ ಎಂಬ ಪಟ್ಟಣದಲ್ಲಿ ಝಿಯೆಲ್-ಲಾವಾಲ್ ಎಂಬ ಸೈಕಲ್ ಸವಾರ ಮಲಗಿದ್ದ. ಪ್ಯಾರಿಸ್ಸಿನಿಂದ ಹೊರಟು, ಅಟ್ಲಾಂಟಿಕ್ ದಂಡೆಯ ಬ್ರೆಸ್ಟ್ ಬಂದರನ್ನು ಮುಟ್ಟಿ, ಮತ್ತೆ ಪ್ಯಾರಿಸ್ಸಿಗೆ ಮರಳಬೇಕಿದ್ದ ಸುಮಾರು 1,200 ಕಿಲೋಮೀಟರಿನ ಪಂದ್ಯ ಅದು. ಅಲ್ಲಿಯವರೆಗೆ ಅವನೇ ಮುಂದಿದ್ದ. ಹಿಂದೆ ಬರುತ್ತಿದ್ದ ಷಾರ್ಲ್ ತೆರೋಂ ಕಡೆಯವರಿಗೆ ಈ ಸುದ್ದಿ ಸಿಕ್ಕಿತು. ತೆರೋಂಗೂ ಕಣ್ಣು ಎಳೆಯುತ್ತಿದ್ದಿರಬೇಕು. ಆದರೂ ಅವನು ಇಳಿಯಲಿಲ್ಲ, ಸದ್ದಿಲ್ಲದೆ ಊರು ದಾಟಿಬಿಟ್ಟ. 71 ಗಂಟೆ 22 ನಿಮಿಷಗಳಲ್ಲಿ, ನಡುವೆ ಎಲ್ಲೂ ಮಲಗದೆ, ಬೆಳಗಿನ ಜಾವ ಪ್ಯಾರಿಸ್ ಸೇರಿದ. ಝಿಯೆಲ್-ಲಾವಾಲ್ ಬಂದದ್ದು ಎಷ್ಟೋ ಗಂಟೆಗಳ ನಂತರ.

‘ಲ ಪೆತಿ ಜೂರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಏರ್ಪಡಿಸಿದ್ದ ಈ ಪಂದ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೊರಟಿದ್ದರು. ಆರಂಭದಲ್ಲೇ ಪ್ರತಿ ಸೈಕಲ್ಲಿಗೂ ಸೀಸದ ಮೊಹರು ಹಾಕಲಾಗಿತ್ತು. ದಾರಿಯಲ್ಲಿ ಏನೇ ಆಗಲಿ, ಹೊರಟ ಸೈಕಲ್ಲಿನಲ್ಲೇ ಮರಳಬೇಕು. ದೊಡ್ಡ ಸವಾರರ ಜೊತೆ ವೇಗ ಕಾಯ್ದುಕೊಡುವ ಜೊತೆಗಾರರು ಇದ್ದರು, ಆದ್ದರಿಂದ ಇದನ್ನು ಪೂರ್ತಿ ಸ್ವಾವಲಂಬಿ ಪಂದ್ಯ ಎನ್ನಲಾಗದು. ಆದರೆ ಮೊಹರಿನ ಆ ನಿಯಮದ ಹಿಂದಿದ್ದ ಯೋಚನೆ ಇಂದಿಗೂ ಬದುಕಿದೆ: ಒಬ್ಬ ಮನುಷ್ಯ, ಒಂದು ಸೈಕಲ್, ಒಂದು ದಾರಿ. ಅಂಥ ಪಂದ್ಯಗಳಲ್ಲಿ ಎರಡು ಪ್ರಶ್ನೆ ಸದಾ ಎದುರಾಗುತ್ತವೆ. ಯಾವ ಸೈಕಲ್ ಹಿಡಿಯಬೇಕು? ದಣಿದ ದೇಹಕ್ಕೆ ಯಾವಾಗ, ಎಷ್ಟು ವಿಶ್ರಾಂತಿ ಕೊಡಬೇಕು? ಇವೆರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯುವುದು ರೂಢಿ. ನೂರಮೂವತ್ತು ವರ್ಷಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಇವೆರಡೂ ಒಂದೇ ಪ್ರಶ್ನೆ ಎಂದು ನನಗನಿಸುತ್ತದೆ.

ತೆರೋಂನನ್ನೇ ನೋಡಿ. ಅವನ ಸೈಕಲ್ಲಿಗೆ ಮಿಶೆಲಿನ್ ಸಹೋದರರ ಹೊಸ ಗಾಳಿ ಟೈರುಗಳಿದ್ದವು. ಝಿಯೆಲ್-ಲಾವಾಲ್‌ನ ಬಳಿಯಿದ್ದದ್ದೂ ಗಾಳಿ ಟೈರುಗಳೇ, ಡನ್ಲಪ್‌ನವು. ವ್ಯತ್ಯಾಸ ಇದ್ದದ್ದು ಪಂಕ್ಚರಿನಲ್ಲಿ. ಆ ಕಾಲದ ಡನ್ಲಪ್ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಬಿಚ್ಚಿ, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸುವಷ್ಟರಲ್ಲಿ ಗಂಟೆಗಟ್ಟಲೆ ಹೊತ್ತು ಹೋಗುತ್ತಿತ್ತು. ಎರಡು ವರ್ಷ ಮೊದಲು ಇಂಥದ್ದೇ ಒಂದು ಟೈರು ದುರಸ್ತಿಗೆಂದು ಮಿಶೆಲಿನ್ ಕಾರ್ಖಾನೆಗೆ ಬಂದು, ಅದರ ಹಿಂದೆ ದಿನವಿಡೀ ಕಳೆದ ಮೇಲೆಯೇ ಅವರಿಗೆ ಬಿಚ್ಚಿ ಹಾಕಬಹುದಾದ ಟೈರಿನ ಯೋಚನೆ ಹೊಳೆದದ್ದು ಎಂಬ ಕಥೆ ಪ್ರಸಿದ್ಧ. ತೆರೋಂನ ಟೈರುಗಳೂ ದಾರಿಯಲ್ಲಿ ಪಂಕ್ಚರಾದವು. ಆದರೆ ಅವನ್ನು ಅಲ್ಲೇ ಬಿಚ್ಚಿ ಸರಿಪಡಿಸಿ ಮುಂದೆ ಹೋಗಲು ಸಾಧ್ಯವಾಯಿತು. ಗೆಲುವಾದ ಮೇಲೆ ಮಿಶೆಲಿನ್ ಸಹಜವಾಗಿಯೇ ಟೈರಿನ ಜಾಹೀರಾತು ಮಾಡಿತು. ಪತ್ರಿಕೆಗಳು ಉಕ್ಕಿನ ದೇಹವನ್ನು ಹೊಗಳಿದವು. ಎರಡೂ ಅರ್ಧ ಸತ್ಯ. ಕಬ್ಬಿಣದ ಪಟ್ಟಿಯಂತೆ ಕುಲುಕುವ ಗಟ್ಟಿ ರಬ್ಬರ್ ಟೈರಿನ ಮೇಲೆ, ಅಂದಿನ ಕಲ್ಲುಹಾಸಿನ ರಸ್ತೆಗಳಲ್ಲಿ ಮೂರು ರಾತ್ರಿ ಕೂರುವುದು ಯಾವ ದೇಹಕ್ಕೂ ಸುಲಭವಲ್ಲ. ನಿದ್ದೆ ಬಿಡುವ ಶಕ್ತಿಯ ಒಂದು ಪಾಲನ್ನು ಅವನಿಗೆ ಕೊಟ್ಟದ್ದೇ ಆ ಗಾಳಿ.

ಮುಂದಿನ ಅಧ್ಯಾಯದ ನಾಯಕ, ಕೆಲವರ ಕಣ್ಣಲ್ಲಿ ಖಳನಾಯಕ, ಆನ್ರಿ ದೆಗ್ರಾಂಜ್. ‘ಲೋತೋ’ ಎಂಬ ಕ್ರೀಡಾ ಪತ್ರಿಕೆಯ ಸಂಪಾದಕ. ಪತ್ರಿಕೆಯ ಮಾರಾಟ ಏರಿಸಲೆಂದು 1903ರಲ್ಲಿ ಟೂರ್ ದ ಫ್ರಾನ್ಸ್ ಶುರುಮಾಡಿದವನು. ಇಂದು ಕಾರುಗಳ ದಂಡು, ಮಾಲೀಷಿನವರು, ಅಡುಗೆಯವರನ್ನು ಕಟ್ಟಿಕೊಂಡು ಸಾಗುವ ಟೂರನ್ನು ಟಿವಿಯಲ್ಲಿ ನೋಡಿದವರಿಗೆ ಮೊದಲ ದಶಕಗಳ ಟೂರ್ ಗುರುತೇ ಸಿಗಲಾರದು. ಮೊದಲ ವರ್ಷ 2,428 ಕಿಲೋಮೀಟರನ್ನು ಆರೇ ಹಂತಗಳಲ್ಲಿ ಮುಗಿಸಬೇಕಿತ್ತು. ಪ್ಯಾರಿಸ್ಸಿನಿಂದ ಲಿಯೋನಿಗೆ ಮೊದಲ ಹಂತವೇ 467 ಕಿಲೋಮೀಟರ್. ಹೊರಟವರು 60, ಮುಗಿಸಿದವರು 21. ಆದರೂ ಒಂದು ಮಾತು ಗಮನಿಸಬೇಕು. ಆರು ಹಂತಗಳು 19 ದಿನಗಳಲ್ಲಿ ಹರಡಿಕೊಂಡಿದ್ದವು. ಒಂದು ಹಂತ ಮುಗಿದರೆ ಸಾಮಾನ್ಯವಾಗಿ ಎರಡು ಮೂರು ದಿನ ಬಿಡುವು. ಅಂದರೆ ದೇಹ ಚೇತರಿಸಿಕೊಳ್ಳಲು ಸಮಯ ಬೇಕು ಎಂಬುದನ್ನು ದೆಗ್ರಾಂಜ್ ಒಪ್ಪಿದ್ದ. ಅವನು ಒಪ್ಪದೇ ಇದ್ದದ್ದು, ಆ ಭಾರದಲ್ಲಿ ಯಂತ್ರ ಪಾಲುಗೊಳ್ಳುವುದನ್ನು.

ಸೈಕಲ್ ಕೆಟ್ಟರೆ ಸವಾರನೇ ಸರಿಮಾಡಿಕೊಳ್ಳಬೇಕು, ಯಾರ ಸಹಾಯವನ್ನೂ ಪಡೆಯಬಾರದು ಎಂಬುದು ನಿಯಮ. ಅದರ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಯೂಜೆನ್ ಕ್ರಿಸ್ತೋಫ್. 1913ರ ಜುಲೈನಲ್ಲಿ, ಪಿರೆನೀಸ್ ಪರ್ವತಗಳ ಹಂತದಲ್ಲಿ, 2,115 ಮೀಟರ್ ಎತ್ತರದ ತುರ್ಮಾಲೆ ಕಣಿವೆಯ ನೆತ್ತಿಯಿಂದ ಇಳಿಯುತ್ತಿದ್ದಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಟೂರ್ ಗೆಲ್ಲುವ ಎಲ್ಲ ಅವಕಾಶ ಇದ್ದ ದಿನ ಅದು. ಸೈಕಲ್ಲನ್ನು ಹೆಗಲಿಗೇರಿಸಿ, ಅಳುತ್ತ, ಸುಮಾರು ಹತ್ತು ಕಿಲೋಮೀಟರ್ ನಡೆದು ಸಾಂತ್ ಮರೀ ದ ಕಾಂಪಾಂ ಎಂಬ ಹಳ್ಳಿ ಸೇರಿದ. ಅಲ್ಲೊಂದು ಕುಲುಮೆ ಇತ್ತು. ಕಮ್ಮಾರ ಕೆಲಸ ಮಾಡಿಕೊಡುವಂತಿಲ್ಲ, ಹೇಗೆ ಮಾಡಬೇಕೆಂದು ಬಾಯಲ್ಲಿ ಹೇಳಬಹುದು ಅಷ್ಟೇ. ಕ್ರಿಸ್ತೋಫ್ ಸವಾರನಾಗುವ ಮೊದಲು ಬೀಗದ ಕೆಲಸ ಕಲಿತವನು. ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದ. ಪಂದ್ಯದ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎರಡೂ ಕೈಯಲ್ಲಿ ಕೆಲಸವಿದ್ದುದರಿಂದ ತಿದಿ ಒತ್ತಲು ಅಲ್ಲಿದ್ದ ಹುಡುಗನೊಬ್ಬ ಕೈಹಚ್ಚಿದ. ಪರಸಹಾಯ ಪಡೆದದ್ದಕ್ಕಾಗಿ ಹತ್ತು ನಿಮಿಷ ದಂಡ! ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ಅಷ್ಟರಲ್ಲಿ ಕ್ರಿಸ್ತೋಫ್ ಗಂಟೆಗಳನ್ನೇ ಕಳೆದುಕೊಂಡಿದ್ದ. ಆ ವರ್ಷ ಗೆದ್ದವನು ಫಿಲಿಪ್ ಥೀಸ್. ಕ್ರಿಸ್ತೋಫ್‌ಗೆ ಏಳನೇ ಸ್ಥಾನ. ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಟೂರಿನ ಮೊಟ್ಟಮೊದಲ ಹಳದಿ ಅಂಗಿ ತೊಟ್ಟು ಗೆಲುವಿನ ಸಮೀಪವಿದ್ದಾಗ ಅವನ ಫೋರ್ಕ್ ಮತ್ತೆ ಮುರಿಯಿತು. ಟೂರನ್ನು ಅವನು ಕೊನೆಗೂ ಗೆಲ್ಲಲಿಲ್ಲ.

ಈ ಪ್ರಸಂಗವನ್ನು ಛಲದ ಕಥೆಯಾಗಿ ಹೇಳುವುದೇ ಹೆಚ್ಚು. ನನಗೆ ಅದರಲ್ಲಿ ಕಾಡುವುದು ತಿದಿ ಒತ್ತಿದ ಹುಡುಗ. ಸಹಾಯ ಎಂದರೆ ಏನು ಎಂಬ ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕಲ್ಲ. ದೆಗ್ರಾಂಜ್ ಅದನ್ನು ಆ ಹುಡುಗನ ಕೈಯ ಮುಂದೆ ಎಳೆದ.

ಗೇರಿನ ವಿಷಯದಲ್ಲೂ ಅದೇ ಗೆರೆ. ಗೇರು ಬದಲಿಸುವ ಸಾಧನಗಳು ಆಗಲೇ ಬಂದಿದ್ದವು. ಟೂರಿನ ಸವಾರರಿಗೆ ಮಾತ್ರ ಅವು ನಿಷಿದ್ಧ. ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರ ಇಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ನಟ್ಟು ಬಿಚ್ಚಿ, ಚಕ್ರವನ್ನೇ ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಮಳೆ ಮಂಜಿನಲ್ಲಿ ಬೆರಳು ಮರಗಟ್ಟಿದಾಗ ಈ ಕೆಲಸ ಎಷ್ಟು ಹಿತವಾಗಿತ್ತೆಂದು ಊಹಿಸಿಕೊಳ್ಳಿ. ಗೇರು ಬದಲಿಸುವುದೆಲ್ಲ ನಲವತ್ತೈದು ದಾಟಿದವರಿಗೆ, ಸ್ನಾಯುಬಲದಿಂದ ಗೆಲ್ಲುವುದೇ ನಿಜವಾದ ಗೆಲುವು ಎಂಬ ಅರ್ಥದಲ್ಲಿ ದೆಗ್ರಾಂಜ್ ಬರೆದಿದ್ದ. ಇದು ಬರೀ ಹಠವಲ್ಲ, ಒಂದು ಸಿದ್ಧಾಂತ. ಯಂತ್ರ ಹಗುರ ಮಾಡಿದಷ್ಟು ಮನುಷ್ಯನ ಸಾಧನೆ ಕಡಿಮೆಯಾಯಿತು ಎಂಬ ಲೆಕ್ಕ.

ಇದಕ್ಕೆ ನೇರ ಎದುರು ನಿಂತವನು ಸಾಂತೆತಿಯೆನ್ ಪಟ್ಟಣದ ಪಾಲ್ ದ ವಿವಿ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತ ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆ ನಡೆಸುತ್ತಿದ್ದ. ಸಸ್ಯಾಹಾರಿ, ರಾತ್ರಿಯಿಡೀ ಸೈಕಲ್ ತುಳಿಯುವ ಖಯಾಲಿಯವನು. ಫ್ರಾನ್ಸಿನ ಸೈಕಲ್ ಪ್ರವಾಸದ ಪಿತಾಮಹ ಎಂದು ಅವನನ್ನು ಕರೆಯುತ್ತಾರೆ. ಅವನ ವಾದ ಸರಳವಾಗಿತ್ತು: ಏರಿಗೆ ಸಣ್ಣ ಗೇರು, ಇಳಿಜಾರಿಗೆ ದೊಡ್ಡದು, ಕೆಟ್ಟ ರಸ್ತೆಗೆ ಅಗಲವಾದ ಮೆತ್ತನೆ ಟೈರು. ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು, ದಣಿದು ಕುಸಿಯುವ ತನಕ ತುಳಿಯಬಾರದು, ಜಂಬಕ್ಕಾಗಿ ತುಳಿಯಲೇಬಾರದು ಎಂಬ ಅರ್ಥದ ಕಟ್ಟಳೆಗಳನ್ನೂ ಹಾಕಿಕೊಟ್ಟಿದ್ದ. ಸೈಕಲ್ಲಿನ ಆಯ್ಕೆ ಮತ್ತು ದೇಹದ ಚೇತರಿಕೆ ಒಂದೇ ಎಂದು ಮೊದಲು ಕಂಡುಕೊಂಡವನು ಇವನೇ ಇರಬೇಕು. ಸಣ್ಣ ಗೇರಿನಲ್ಲಿ ಹಗುರವಾಗಿ, ಬೇಗ ಬೇಗ ತುಳಿದರೆ ಮೊಣಕಾಲಿಗೆ ಬೀಳುವ ಭಾರ ಕಡಿಮೆ. ಇಂದು ಉಳಿಸಿದ ಮೊಣಕಾಲು ನಾಳೆಗೆ ಬರುತ್ತದೆ. ಒಂದೇ ದಿನದ ಪಂದ್ಯಕ್ಕೆ ಇದು ದೊಡ್ಡ ಮಾತಲ್ಲ. ಹತ್ತು ದಿನದ್ದಾದರೆ ಎಲ್ಲವೂ ಇದೇ.

ದೆಗ್ರಾಂಜ್ ಸಿದ್ಧಾಂತಕ್ಕೆ ದೇಹಗಳು ಕೊಟ್ಟ ಉತ್ತರ 1924ರಲ್ಲಿ ಬಯಲಾಯಿತು. ಹಿಂದಿನ ವರ್ಷ ಗೆದ್ದಿದ್ದ ಆನ್ರಿ ಪೆಲಿಸಿಯೆ, ಅವನ ತಮ್ಮ ಫ್ರಾನ್ಸಿಸ್ ಮತ್ತು ಮೋರಿಸ್ ವಿಲ್ ಮೂವರೂ ನಡುದಾರಿಯಲ್ಲಿ ಪಂದ್ಯ ಬಿಟ್ಟರು. ಕಾರಣ ಕೇಳಿದರೆ ನಗು ಬರುತ್ತದೆ. ಹೊರಟಾಗ ಮೈಮೇಲೆ ಇದ್ದದ್ದೆಲ್ಲ ಮುಗಿಸುವಾಗಲೂ ಇರಬೇಕು ಎಂಬುದೊಂದು ನಿಯಮ. ಬೆಳಗಿನ ಚಳಿಗೆ ಎರಡು ಅಂಗಿ ತೊಟ್ಟು, ಬಿಸಿಲೇರಿದಾಗ ಒಂದನ್ನು ಎಸೆಯುವ ಹಾಗಿಲ್ಲ. ಅಧಿಕಾರಿಯೊಬ್ಬ ಆನ್ರಿಯ ಅಂಗಿ ಎತ್ತಿ ಎಷ್ಟಿವೆ ಎಂದು ಎಣಿಸಲು ಬಂದದ್ದೇ ಜಗಳವಾಯಿತು. ಪತ್ರಕರ್ತ ಅಲ್ಬೇರ್ ಲೋಂದ್ರ ಅವರನ್ನು ಕೂತಾಂಸ್ ಎಂಬ ಊರಿನ ರೈಲು ನಿಲ್ದಾಣದ ಹತ್ತಿರದ ಕಾಫಿ ಅಂಗಡಿಯಲ್ಲಿ ಹಿಡಿದ. ಸವಾರರು ತಮ್ಮ ಚೀಲಗಳನ್ನು ಮೇಜಿನ ಮೇಲೆ ಸುರಿದರು. ಕಣ್ಣಿಗೆ ಕೊಕೇನ್, ವಸಡಿಗೆ ಕ್ಲೋರೋಫಾರ್ಮ್, ಜೊತೆಗೆ ಬಗೆಬಗೆಯ ಮಾತ್ರೆ. ಲೋಂದ್ರ ಬರೆದದ್ದು ಫ್ರಾನ್ಸಿನಾದ್ಯಂತ ಗದ್ದಲ ಎಬ್ಬಿಸಿತು. ಪತ್ರಕರ್ತನ ಮುಂದೆ ಸ್ವಲ್ಪ ಬಣ್ಣ ಕಟ್ಟಿದೆವು ಎಂದು ಫ್ರಾನ್ಸಿಸ್ ಮುಂದೆ ಹೇಳಿದ್ದುಂಟು. ಬಣ್ಣ ಕಟ್ಟಿರಲಿ, ಆ ಡಬ್ಬಿಗಳಂತೂ ನಿಜ. ಗೇರಿನಿಂದ ಸಿಗಬಾರದೆಂದ ಸಹಾಯವನ್ನು ದೇಹ ಔಷಧದ ಡಬ್ಬಿಯಲ್ಲಿ ಹುಡುಕಿಕೊಂಡಿತ್ತು.

ಇನ್ನೊಂದು ಅಂಶವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ವಿಶ್ರಾಂತಿಗೆ ದುಡ್ಡು ಬೇಕು. ಕಂಪನಿಗಳ ತಂಡದಲ್ಲಿದ್ದವರಿಗೆ ಹೋಟೆಲು ಗೊತ್ತಾಗಿರುತ್ತಿತ್ತು. ಸ್ವಂತ ಖರ್ಚಿನಲ್ಲಿ ಬಂದ ಬಡ ಸವಾರರು ಹಂತ ಮುಗಿದ ಮೇಲೆ ಊಟ, ಹಾಸಿಗೆ ಹುಡುಕಿ ಅಲೆಯಬೇಕಿತ್ತು. ಜೂಲ್ ದೆಲೋಫ್ರ ಎಂಬವನು ದಿನದ ಓಟ ಮುಗಿಸಿ, ಊರವರ ಮುಂದೆ ದೊಂಬರಾಟದಂಥ ಕಸರತ್ತು ಮಾಡಿ, ಬಂದ ಚಿಲ್ಲರೆಯಲ್ಲಿ ರಾತ್ರಿ ಕಳೆಯುತ್ತಿದ್ದ. ಮುನ್ನೂರು, ನಾನೂರು ಕಿಲೋಮೀಟರ್ ತುಳಿದ ಮೇಲೆ ಲಾಗ!

ದೆಗ್ರಾಂಜ್ ಆರೋಗ್ಯ ಕೆಟ್ಟು ಹಿಂದೆ ಸರಿದ ಮೇಲೆ, 1937ರಲ್ಲಿ, ಟೂರಿನ ಎಲ್ಲ ಸವಾರರಿಗೂ ಗೇರು ಬದಲಿಸಲು ಅನುಮತಿ ಸಿಕ್ಕಿತು. ಅಲ್ಲಿಂದ ಟೂರ್ ಕ್ರಮೇಣ ತಂಡಗಳ, ಯಂತ್ರಗಳ, ಸಹಾಯಕರ ಪಂದ್ಯವಾಯಿತು. ಸ್ವಾವಲಂಬನೆಯ ಕಲ್ಪನೆ ಅಲ್ಲಿಂದ ಹೊರಟುಹೋಯಿತು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಕೂಡ 1951ರಲ್ಲಿ ಕೊನೆಯ ಸಲ ವೃತ್ತಿಪರರ ಪಂದ್ಯವಾಗಿ ನಡೆದು, ನಂತರ ಹವ್ಯಾಸಿಗಳ ಪಾಲಿಗೆ ಉಳಿಯಿತು.

ಆ ಕಲ್ಪನೆ ಮತ್ತೆ ಚಿಗುರಿದ್ದು ಅಮೆರಿಕದಲ್ಲಿ, ಅದೂ ಒಂದು ವಿರುದ್ಧ ಉದಾಹರಣೆಯ ನಂತರ. 1982ರಲ್ಲಿ ನಾಲ್ವರು ಸವಾರರು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಪೈಪೋಟಿಯಲ್ಲಿ ತುಳಿದದ್ದೇ ಮುಂದೆ ‘ರೇಸ್ ಅಕ್ರಾಸ್ ಅಮೆರಿಕ’ ಆಯಿತು. ಸುಮಾರು 4,800 ಕಿಲೋಮೀಟರ್, ಹಿಂದೆ ಸಹಾಯಕರ ವಾಹನ. ತಿನ್ನಿಸಲು, ಎಬ್ಬಿಸಲು, ಮಾತಾಡಿಸಲು ಜನ. 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಮತ್ತು ನಾಗಪುರದ ವೈದ್ಯ ಅಮಿತ್ ಸಮರ್ಥ್ ಒಂಟಿ ವಿಭಾಗದಲ್ಲಿ ಇದನ್ನು ಪೂರೈಸಿದ ಮೊದಲ ಭಾರತೀಯರಾದರು. ಈ ಪಂದ್ಯ ವೈದ್ಯಕೀಯಕ್ಕೆ ಒಂದು ಹೆಸರನ್ನೂ ಕೊಟ್ಟಿದೆ. ಕತ್ತಿನ ಸ್ನಾಯುಗಳು ಸೋತು, ತಲೆ ಎತ್ತಿ ಹಿಡಿಯಲಾಗದೆ ಗದ್ದ ಎದೆಗೆ ಬೀಳುವ ಸ್ಥಿತಿಗೆ, 1983ರಲ್ಲಿ ಅದನ್ನು ಅನುಭವಿಸಿದ ಮೈಕಲ್ ಶರ್ಮರ್ ಹೆಸರಿನಲ್ಲಿ ‘ಶರ್ಮರ್ಸ್ ನೆಕ್’ ಎನ್ನುತ್ತಾರೆ.

ಸಹಾಯಕರ ದಂಡೇ ಬೇಡ ಎಂದವರು ಬೇರೆ ದಾರಿ ಹಿಡಿದರು. 1999ರಲ್ಲಿ ಜಾನ್ ಸ್ಟ್ಯಾಮ್‌ಸ್ಟಡ್ ರಾಕಿ ಪರ್ವತಗಳ ಉದ್ದಕ್ಕೂ ಹಾದುಹೋಗುವ ‘ಗ್ರೇಟ್ ಡಿವೈಡ್’ ಮಣ್ಣುದಾರಿಯನ್ನು ಒಬ್ಬರೇ 18 ದಿನ 5 ಗಂಟೆಯಲ್ಲಿ ಮುಗಿಸಿದರು. ಅದೇ ದಾರಿಯಲ್ಲಿ, ಕೆನಡಾದ ಬ್ಯಾಂಫಿನಿಂದ ಮೆಕ್ಸಿಕೋ ಗಡಿಯವರೆಗೆ, 2008ರಿಂದ ‘ಟೂರ್ ಡಿವೈಡ್’ ನಡೆಯುತ್ತಿದೆ. 2013ರಲ್ಲಿ ಇಂಗ್ಲೆಂಡಿನ ಮೈಕ್ ಹಾಲ್ ಯುರೋಪಿನಲ್ಲಿ ‘ಟ್ರಾನ್ಸ್‌ಕಾಂಟಿನೆಂಟಲ್’ ಶುರುಮಾಡಿದರು. ಮೊದಲ ವರ್ಷ ಲಂಡನ್ನಿನಿಂದ ಇಸ್ತಾಂಬುಲ್. ಬೆಲ್ಜಿಯಂನ ಕ್ರಿಸ್ಟೊಫ್ ಅಲೆಗಾರ್ಟ್ ಅದನ್ನು ಏಳೂವರೆ ದಿನದಲ್ಲಿ ಮುಗಿಸಿ ಗೆದ್ದರು. ಇಲ್ಲಿನ ನಿಯಮ ದೆಗ್ರಾಂಜ್‌ನ ನೆನಪು ತರುತ್ತದೆ: ಹೊರಗಿನ ಸಹಾಯ ಕೂಡದು. ಆದರೆ ಗೆರೆ ಬೇರೆ ಕಡೆ ಇದೆ. ಎಲ್ಲ ಸವಾರರಿಗೂ ಸಮಾನವಾಗಿ ಸಿಗುವಂಥದ್ದು, ಅಂದರೆ ಹೋಟೆಲು, ಅಂಗಡಿ, ದಾರಿಯ ಸೈಕಲ್ ರಿಪೇರಿಯವನು, ಇವೆಲ್ಲ ಸರಿ. ಗೆಳೆಯನೊಬ್ಬ ನಿಮಗಾಗಿ ಬಾಗಿಲಲ್ಲಿ ಬಿಸಿ ಊಟ ಹಿಡಿದು ಕಾದರೆ ತಪ್ಪು. ಕ್ರಿಸ್ತೋಫ್ ಇಂದಿದ್ದಿದ್ದರೆ ಕಮ್ಮಾರನಿಗೆ ಕೂಲಿ ಕೊಟ್ಟು, ಬೆಂಚಿನ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದ.

ಸೈಕಲ್ಲಿನ ವಿಷಯಕ್ಕೆ ಬಂದರೆ ಇಲ್ಲಿ ಗೆದ್ದದ್ದು ವೆಲೋಸಿಯೋ. ನಿಯಮ ದೆಗ್ರಾಂಜ್‌ನದು, ಸೈಕಲ್ ವೆಲೋಸಿಯೋನದು. ಗೋಡೆಯಂಥ ಏರಿಗೂ ಕುಳಿತೇ ಹತ್ತಬಹುದಾದ ಗೇರು, ಕಡಿಮೆ ಗಾಳಿಯ ಅಗಲ ಟೈರು, ಮುಂದಿನ ಚಕ್ರದಲ್ಲೇ ದೀಪಕ್ಕೆ ಕರೆಂಟು ಹುಟ್ಟಿಸುವ ಡೈನಮೋ. ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ, ಮೊಣಕೈ ಊರುವ ‘ಏರೋಬಾರ್’ ಕೂಡ ನೋಡಿ. 1989ರ ಟೂರಿನ ಕೊನೆಯ ದಿನ ಗ್ರೆಗ್ ಲೆಮಾಂಡ್ ಅದನ್ನು ಬಳಸಿ ಒಟ್ಟು ಎಂಟೇ ಸೆಕೆಂಡಿನಿಂದ ಗೆದ್ದದ್ದರಿಂದ ಅದು ವೇಗದ ಸಾಧನ ಎಂದೇ ಪ್ರಸಿದ್ಧ. ಆದರೆ ಅದಕ್ಕೆ ಮೊದಲೇ ಅಮೆರಿಕ ದಾಟುವ ಪಂದ್ಯದ ಸವಾರರು ಅದನ್ನು ಹಿಡಿದಿದ್ದರು. ದಿನಗಟ್ಟಲೆ ಹ್ಯಾಂಡಲ್ ಒತ್ತಿ ಹಿಡಿದರೆ ಅಂಗೈಯ ನರ ನಲುಗಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಪಂದ್ಯ ಮುಗಿದು ವಾರಗಳಾದರೂ ಅಂಗಿಯ ಗುಂಡಿ ಹಾಕಲಾಗದೆ ಪರದಾಡುವವರಿದ್ದಾರೆ. ಮೊಣಕೈ ಊರಿದರೆ ಆ ಕೈಗಳಿಗೆ ಬಿಡುವು. ಹಗುರವಾದ ಸೈಕಲ್ಲಿಗೆ ಲಕ್ಷಗಟ್ಟಲೆ ಸುರಿದು ತೆಳ್ಳನೆ ಟೈರು ಹಾಕುವವರನ್ನು ಕಂಡಾಗ ನನಗೆ ಇದೇ ಹೇಳಬೇಕೆನಿಸುತ್ತದೆ. ದೂರದ ಹಾದಿಯಲ್ಲಿ ಒಳ್ಳೆಯ ಸೈಕಲ್ ಎಂದರೆ ನೀವು ಅದರ ಮೇಲೆ ಇರುವಾಗಲೇ ದೇಹದ ಒಂದಲ್ಲ ಒಂದು ಭಾಗಕ್ಕೆ ವಿಶ್ರಾಂತಿ ಕೊಡುವ ಸೈಕಲ್.

ಆದರೆ ಯಾವ ಸೈಕಲ್ಲೂ ನಿದ್ದೆ ಕೊಡಲಾರದು. 2019ರ ಟ್ರಾನ್ಸ್‌ಕಾಂಟಿನೆಂಟಲ್‌ನಲ್ಲಿ ಬಲ್ಗೇರಿಯಾದ ಬುರ್ಗಾಸ್‌ನಿಂದ ಅದೇ ಹಳೆಯ ಬ್ರೆಸ್ಟ್‌ಗೆ, ಸುಮಾರು 4,000 ಕಿಲೋಮೀಟರನ್ನು 10 ದಿನ 2 ಗಂಟೆ 48 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದವರು ಜರ್ಮನಿಯ ಫಿಯೋನಾ ಕೋಲ್ಬಿಂಗರ್. ಆಗ ಅವರಿಗೆ 24 ವರ್ಷ. ಕ್ಯಾನ್ಸರ್ ಸಂಶೋಧನೆಯಲ್ಲಿದ್ದ ವೈದ್ಯಕೀಯದವರು, ಇಂಥ ಪಂದ್ಯ ಅವರಿಗೆ ಅದೇ ಮೊದಲು. ರಾತ್ರಿಗೆ ಸುಮಾರು ನಾಲ್ಕು ಗಂಟೆ ಮಲಗುತ್ತಿದ್ದರು. ನಡುವೆ ಒಂದು ನಿಲ್ದಾಣದಲ್ಲಿ ಪಿಯಾನೋ ಕಂಡು ಕುಳಿತು ನುಡಿಸಿದರು. ನಾಲ್ಕು ಗಂಟೆ ನಮಗೆ ಕಡಿಮೆ ಅನಿಸಬಹುದು, ಈ ಲೋಕದಲ್ಲಿ ಅದು ಧಾರಾಳ.

ನಿದ್ದೆಗೆಟ್ಟವರ ಗತಿ ಏನು ಎನ್ನುವುದಕ್ಕೆ 2016ರಲ್ಲಿ ಅಮೆರಿಕದ ಒರೆಗಾನಿನಿಂದ ವರ್ಜೀನಿಯಾದವರೆಗೆ ನಡೆದ ‘ಟ್ರಾನ್ಸ್ ಆಮ್’ ಪಂದ್ಯದ ಕೊನೆಯ ರಾತ್ರಿ ಸಾಕು. ಮುಂದಿದ್ದವರು ಸ್ಟೆಫೆನ್ ಸ್ಟ್ರೈಕ್. ಸ್ವಲ್ಪ ಮಲಗಿ ಎದ್ದು, ಮಂಪರಿನಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟರು. ಕತ್ತಲಲ್ಲಿ ಎದುರಿಗೆ ಬಂದ ದೀಪ ಲೇಲ್ ವಿಲ್ಕಾಕ್ಸ್ ಅವರದು. ಇಬ್ಬರೂ ಒಟ್ಟಿಗೆ ಮುಗಿಸೋಣವೇ ಎಂದು ಸ್ಟ್ರೈಕ್ ಕೇಳಿದರು. ಇದು ಪಂದ್ಯ ಎಂದ ಲೇಲ್ ಮುಂದೆ ನುಗ್ಗಿ, 18 ದಿನ 10 ನಿಮಿಷದಲ್ಲಿ ಮುಗಿಸಿ, ಆ ಪಂದ್ಯವನ್ನು ಗೆದ್ದ ಮೊದಲ ಹೆಂಗಸಾದರು. ತೆರೋಂ ಕಾಲಕ್ಕೆ ಮಲಗಿದವನು ಸೋತ ಎಂದರು. ಇಲ್ಲಿ ಸೋಲಿಸಿದ್ದು ನಿದ್ದೆಯಲ್ಲ, ಸಾಲದೇ ಹೋದ ನಿದ್ದೆ.

ದಾರಿ ತಪ್ಪಿದರೆ ಪಂದ್ಯವಷ್ಟೇ ಹೋಗುತ್ತದೆ. ಹೆದ್ದಾರಿಯಲ್ಲಿ ಒಂದು ಕ್ಷಣ ರೆಪ್ಪೆ ಮುಚ್ಚಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2017ರ ಮಾರ್ಚ್ 31ರಂದು, ಆಸ್ಟ್ರೇಲಿಯಾವನ್ನು ಅಡ್ಡಲಾಗಿ ದಾಟುವ ‘ಇಂಡಿಯನ್ ಪೆಸಿಫಿಕ್ ವೀಲ್ ರೇಸ್’ನಲ್ಲಿ ಎರಡನೆಯವರಾಗಿ ಸಾಗುತ್ತಿದ್ದ ಮೈಕ್ ಹಾಲ್, ಬೆಳಕು ಹರಿಯುವ ಮೊದಲು ಕ್ಯಾನ್ಬೆರಾ ಬಳಿ ಕಾರು ಬಡಿದು ತೀರಿಕೊಂಡರು. ಪಂದ್ಯ ಅಲ್ಲಿಗೇ ನಿಂತಿತು. ಆ ಸಾವನ್ನು ನಿದ್ರಾಹೀನತೆಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ, ಅಲ್ಲಿದ್ದದ್ದು ಕತ್ತಲು ಮತ್ತು ಹೆದ್ದಾರಿ. ಆದರೆ ಕಡಿಮೆ ಮಲಗುವುದೇ ಗೆಲುವಿನ ದಾರಿ ಎಂದಾದಾಗ, ಸವಾರರು ಆ ಹೊತ್ತಿನಲ್ಲಿ ಅಂಥ ರಸ್ತೆಗಳಲ್ಲಿ ಇರಲೇಬೇಕಾಗುತ್ತದೆ. ಗೇರು ಬೇಡ ಎಂದ ದೆಗ್ರಾಂಜ್‌ನನ್ನು ನಾವು ಇಂದು ನಗುತ್ತೇವೆ. ನಿದ್ದೆಗೆ ಬೆಲೆ ಕಟ್ಟದ ನಿಯಮಪುಸ್ತಕಗಳನ್ನು ನೂರು ವರ್ಷಗಳ ನಂತರದವರು ಹೇಗೆ ನೋಡುತ್ತಾರೋ.

ಇದು ದೂರದೇಶದ ಮಾತಲ್ಲ. ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ, ನೀವು ಎಲ್ಲೇ ಇರಿ, ವಾರಾಂತ್ಯದ ನಸುಕಿನಲ್ಲಿ ಹೆದ್ದಾರಿ ಬದಿಯ ಚಹಾದಂಗಡಿಗಳಲ್ಲಿ ಮಿನುಗುವ ಜಾಕೆಟ್ ತೊಟ್ಟ ಸೈಕಲ್ಲಿನವರನ್ನು ಕಂಡಿರಬಹುದು. ನಿಮ್ಮಲ್ಲೇ ಕೆಲವರು ಆ ಜಾಕೆಟ್ಟಿನೊಳಗೆ ಇರಬಹುದು. ಅವರು ತುಳಿಯುವುದು ‘ಬ್ರೆವೆ’. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಮುಗಿಸಿದವರಿಗೆ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗುವ ಅರ್ಹತೆ. ಇತ್ತೀಚಿನ ಸಲಗಳಲ್ಲಿ ನಮ್ಮ ದೇಶದಿಂದಲೇ ನೂರಾರು ಜನ ಹೋಗಿದ್ದಾರೆ. ಅಲ್ಲಿ ಗೆಲುವು ಸೋಲಿಲ್ಲ, 90 ಗಂಟೆಯೊಳಗೆ ಮರಳಿದರೆ ಆಯಿತು. ಆ 90 ಗಂಟೆಯಲ್ಲಿ ನಿದ್ದೆಗೆ ಎಷ್ಟು ಎಂದು ಮನೆಯಲ್ಲೇ ಕುಳಿತು ಲೆಕ್ಕ ಹಾಕದವರಿಗೆ ಎರಡನೇ ರಾತ್ರಿ ಕಷ್ಟವಾಗುತ್ತದೆ. ಸೈಕಲ್ಲಿನ ತೂಕದಲ್ಲಿ ನೂರು ಗ್ರಾಮಿಗಾಗಿ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು, ಈ ಲೆಕ್ಕವನ್ನು ದಾರಿಯಲ್ಲಿ ನೋಡೋಣ ಎಂದು ಬಿಡುವವರೇ ಹೆಚ್ಚು.

ಬ್ರಿಟನಿಯ ಲುದೆಯಾಕ್ ಪಟ್ಟಣದ ನಿಲ್ದಾಣದಲ್ಲಿ ಸಾಲು ಹಾಸಿಗೆಗಳಿರುತ್ತವೆ. ಸವಾರರು ಸ್ವಲ್ಪ ಹಣ ಕೊಟ್ಟು, ಎಷ್ಟು ಗಂಟೆಗೆ ಎಬ್ಬಿಸಬೇಕೆಂದು ಹೇಳಿ ಬಿದ್ದುಕೊಳ್ಳುತ್ತಾರೆ. ಊರಿನ ಸ್ವಯಂಸೇವಕರು ಸಮಯ ಬರೆದಿಟ್ಟುಕೊಂಡು, ಸರಿಯಾಗಿ ಆ ಹೊತ್ತಿಗೆ ಕತ್ತಲಲ್ಲಿ ಬಂದು ಮೆಲ್ಲನೆ ಭುಜ ಮುಟ್ಟುತ್ತಾರೆ. ಹೊರಗೆ, ಹಳ್ಳಿಗಳ ಮನೆಗಳ ಮುಂದೆ, ಮಕ್ಕಳು ಮೇಜು ಹಾಕಿಕೊಂಡು ಹಾದುಹೋಗುವವರಿಗೆಲ್ಲ ನೀರು, ಕಾಫಿ ಕೊಡುತ್ತಾರೆ. ಇದಕ್ಕೆ ಯಾರಿಗೂ ದಂಡ ಹಾಕುವುದಿಲ್ಲ.